ಮಾಸ್ತರರ ದನಿಗೆ ತುಂಬಿದ ಕೊಡಗಳು

ಕಳೆದ ಭಾನುವಾರ ಸಂಜೆ ನಮ್ಮ ವಿದ್ಯಾನಗರದ ಸಭಾಭವನದಲ್ಲಿ ನೂರೈವತ್ತು ಕುರ್ಚಿ, ಏಳು ಜನ. ಅದರಲ್ಲೂ ಒಬ್ಬ ಮೈಕಿನವನು. ತಪ್ಪು ಯಾರದು? ನನ್ನದೇ!

ಹರಿಹರದ ಮುರಿಗೆಪ್ಪ ಮಾಸ್ತರರನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಅವರ ದನಿ ನಿಮ್ಮ ಅಡುಗೆಮನೆಯವರೆಗೂ ಬಂದಿರುತ್ತದೆ. ‘ನಾಗರಿಕರ ಗಮನಕ್ಕೆ! ಪೈಪ್‌ಲೈನ್ ದುರಸ್ತಿಯ ಕಾರಣ ನಾಳೆ ನೀರು ಬರುವುದಿಲ್ಲ’ ಎಂದು ಆಟೋದ ಮೈಕು ಸಾರುತ್ತದಲ್ಲ, ಅದೇ ದನಿ. ಅದು ಹೊಟ್ಟೆಪಾಡು. ಅಸಲಿಗೆ ಅವರು ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸಿಕೊಂಡು ವಚನ ಹಾಡುತ್ತಿರುವವರು. ಹರಿಹರ, ಮಲೆಬೆನ್ನೂರಿನ ಕಡೆ ಹಾಡಿದ್ದಾರೆ. ನಮ್ಮ ದಾವಣಗೆರೆ ಮಾತ್ರ ಒಮ್ಮೆಯೂ ಕರೆದಿರಲಿಲ್ಲ.

ಈ ಸಲ ನಮ್ಮ ಬಡಾವಣೆಯ ಸಂಘ ಕರೆಯಿತು. “ಅರವತ್ತು ತುಂಬ್ತು ಸಾರ್. ಈ ಊರು ಒಂದ್ಸಲನಾದ್ರೂ ಕೂತು ನನ್ ಹಾಡು ಕೇಳ್ಬೇಕ್ರಿ” ಎಂದರು ಮಾಸ್ತರರು.

ವಾಟ್ಸಾಪ್ ಗ್ರೂಪಿನಲ್ಲಿ ಆಹ್ವಾನ ಹಾಕಿದೆವು. ನಲವತ್ತು ಹೆಬ್ಬೆರಳು ಬಂದವು. (ಹೆಬ್ಬೆರಳು ಬಂದಲ್ಲಿಗೆ ಕಾಲು ಬರುವುದಿಲ್ಲ ಎಂಬುದು ನನ್ನ ಅನುಭವ.) ಆಗ ನನ್ನ ತಲೆ ಓಡಿತು. “ಮಾಸ್ತರ್ರೇ, ಆಟೋದಾಗೆ ನೀವೇ ಅನೌನ್ಸ್ ಮಾಡ್ಬಿಡ್ರಿ. ನಿಮ್ ದನಿ ಗೊತ್ತಿಲ್ದೋರು ಯಾರದಾರೆ?”

ಭಾನುವಾರ ಸಂಜೆ, ಹಾಡಿಗೆ ಒಂದು ತಾಸು ಮುಂಚೆ ಆಟೋ ಬಂತು. ‘ನಾಗರಿಕರ ಗಮನಕ್ಕೆ!’ ಅಷ್ಟೇ. ಮುಂದಿನದು ಯಾರ ಕಿವಿಗೆ ಬಿತ್ತು? ಇಡೀ ಬೀದಿ ಕೊಡ, ಬಕೆಟ್ ಹಿಡಿದು ಸಭಾಭವನದ ಪಕ್ಕದ ಬೋರ್‌ವೆಲ್ ಟ್ಯಾಂಕಿಗೆ ಓಡಿತು. ನನ್ನ ಹೆಂಡತಿ ನನ್ನ ಕೈಗೂ ಎರಡು ಕೊಡ ಕೊಟ್ಟಳು. “ಅದು ಹಾಡಿನ ಸುದ್ದಿ ಕಣೇ” ಎಂದೆ.

“ಸುಮ್ನಿರ್ರಿ. ಆ ದನಿ ಯಾವತ್ತಾದ್ರೂ ಸುಳ್ಳು ಹೇಳೈತಾ?”

ಕೊಡಗಳನ್ನು ಸಾಲಿನಲ್ಲಿಟ್ಟು ಸಭಾಭವನಕ್ಕೆ ಓಡಿದೆ. ಮಾಸ್ತರರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಖಾಲಿ ಕುರ್ಚಿಗಳನ್ನೇ ನೋಡುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರು ಹಾರ್ಮೋನಿಯಂ ಮುಚ್ಚಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ನನಗೆ.

ಆಮೇಲೆ ಮಾಸ್ತರರು ಎದ್ದರು. “ಆ ಸ್ಪೀಕರ್ ಕಿಟಕಿ ಕಡೆ ತಿರುಗ್ಸಪ್ಪ” ಎಂದು ಮೈಕಿನವನಿಗೆ ಹೇಳಿದರು.

“ನಾಗರಿಕರ ಗಮನಕ್ಕೆ! ನಾಳೆ ನೀರು ಬರುತ್ತದೆ. ಬರುವುದಿಲ್ಲವೆಂದು ನಾನು ಹೇಳಿಯೇ ಇಲ್ಲ. ನಾನು ಹೇಳಿದ್ದು, ಇವತ್ತು ಹಾಡುತ್ತೇನೆ ಎಂದು. ದಯವಿಟ್ಟು ಬನ್ನಿ.”

ಹೇಳಿ ಕೂತು ಮತ್ತೆ ಹಾರ್ಮೋನಿಯಂ ತೆರೆದರು.

ಹೊರಗೆ ಸದ್ದಡಗಿತು. ಆಮೇಲೆ ಒಬ್ಬೊಬ್ಬರೇ ಬಂದರು. ಬಾಗಿಲಲ್ಲಿ ಚಪ್ಪಲಿಯ ಜೊತೆ ಕೊಡಗಳೂ ಸಾಲಾದವು. ಮಾಸ್ತರರು ಹಾಡಿದರು. ನೀರಿಲ್ಲ ಎಂದು ಇಷ್ಟು ವರ್ಷ ಗದರಿಸಿದ ಕಂಠದಲ್ಲಿ ಇಷ್ಟೊಂದು ಆರ್ದ್ರತೆ ಇತ್ತೇ? ಎರಡು ಗಂಟೆ ಒಬ್ಬರೂ ಏಳಲಿಲ್ಲ. ಮೊಬೈಲ್ ಕೂಡ ತೆಗೆಯಲಿಲ್ಲ, ನಂಬಿ.

ಮನೆಗೆ ಹೋಗುವಾಗ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಂಥಾ ಕಂಠ ಐತ್ರಿ ಅವರ್ದು! ಇಷ್ಟು ದಿನ ನಾವು ಕೇಳಿಸ್ಕೊಂಡಿದ್ದೇನು?” ಎಂದಳು. ನಾಲ್ಕು ಹೆಜ್ಜೆ ಆದ ಮೇಲೆ ಮತ್ತೆ ಅವಳೇ, “ಅಂದಂಗೆ, ನಾಳೆ ನೀರು ಎಷ್ಟೊತ್ತಿಗೆ ಬರ್ತೈತೆ ಅಂತ ಕೇಳಿದ್ರಾ?”

ಕೇಳಿದ್ದೆ ಸ್ವಾಮಿ, ಮಾಸ್ತರರಿಗೆ ಹಾರ ಹಾಕುವಾಗಲೇ!