ಬೆವರುವ ಗಾಜಿನ ವಿಚಾರಣೆ

ಚಳಿಗಾಲ ಬಂತೆಂದರೆ ನಮ್ಮ ಕಾರಿನ ಗಾಜು ಬೆವರುತ್ತದೆ. ಆ ಬೆವರು ಗಾಜಿನ ಹೊರಗಿನದೋ ಒಳಗಿನದೋ ಎಂಬ ಪ್ರಶ್ನೆಯಲ್ಲಿ ನಮ್ಮ ಮನೆ ಎರಡು ಪಕ್ಷವಾಗಿತ್ತು. ಅಪ್ಪ ಬಾಹ್ಯವಾದಿ. ಕೀಲಿ ತಿರುವಿದ ಕೂಡಲೇ ವೈಪರ್ ಹಾಕುತ್ತಾನೆ. ಒಣ ಗಾಜಿನ ಮೇಲೆ ರಬ್ಬರು ಕಿರ್ರೆಂದು ಅಳುತ್ತದೆ, ಮಂಜು ಕದಲುವುದಿಲ್ಲ. ನಾನು ಅಂತರ್ವಾದಿ. ಒಳಗಿನಿಂದ ಬೆರಳಿಟ್ಟು ಗೆರೆ ಎಳೆದು, ಒದ್ದೆಯಾದ ಬೆರಳನ್ನು ಸಾಕ್ಷಿಯಾಗಿ ಅಪ್ಪನ ಮೂಗಿನ ಮುಂದೆ ಹಿಡಿದೆ.

"ನಿನ್ನ ಬೆರಳ ಬೆವತೈತಿ," ಎಂದ ಅಪ್ಪ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಚೀಟಿ ಎತ್ತಿದಾಗ 'ಪರ' ಎಂದು ಬಂದರೆ ಪರ, 'ವಿರೋಧ' ಎಂದು ಬಂದರೆ ವಿರೋಧ. ಹೀಗಾಗಿ ಯಾವ ವಿಷಯದಲ್ಲೂ ಗಟ್ಟಿಯಾದ ನಂಬಿಕೆ ಬೆಳೆಯದೆ, ಎಲ್ಲ ವಿಷಯಗಳಲ್ಲೂ ಗಟ್ಟಿಯಾದ ದನಿ ಬೆಳೆಯಿತು. ಈಗ ಚಿಕ್ಕೋಡಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ದನಿಗಿಂತ ಮುಂದಿನ ತಾರೀಖು ದೊಡ್ಡದು ಎಂಬುದನ್ನು ಅಲ್ಲಿ ಕಲಿಯುತ್ತಿದ್ದೇನೆ. ಹೀಗಿರುವಾಗ ಒಂದು ಗಾಜು ನನ್ನೆದುರಿಗೆ ಬಾಯಿ ಬಿಡದೆ ಕೂತರೆ ಹೇಗೆ ಸಹಿಸಲಿ?

ಗಾಜಿಗೂ ನನಗೂ ಮಾತ್ರ ಸಂಬಂಧಿಸಿದ ವ್ಯಾಜ್ಯವಾಗಿದ್ದರೆ ಮುಂದೂಡಬಹುದಿತ್ತು. ಆದರೆ ಇದರಲ್ಲಿ ಆಯಿಯ ನೀರು ಸಿಕ್ಕಿಕೊಂಡಿತ್ತು. ಆಯಿ ಎಂದರೆ ಅಪ್ಪನ ತಾಯಿ. ಬಾವಿಯ ನೀರನ್ನು ಬಿಟ್ಟು ಬೇರೆ ನೀರು ಕುಡಿಯುವುದಿಲ್ಲ ಎಂದು ನೇಮ ಹಿಡಿದವಳು. ನಳದ ನೀರಿಲ್ಲ, ಬೋರಿನ ನೀರಿಲ್ಲ, ಬಾಟಲಿಯ ನೀರಂತೂ ದೂರದ ಮಾತು. ನಮ್ಮ ಓಣಿಯ ಬಾವಿಗಳೆಲ್ಲ ಕಸ ತುಂಬಿ ಮುಚ್ಚಿಹೋಗಿ, ಉಳಿದದ್ದು ಕಬ್ಬೂರಿನ ನಮ್ಮ ಹೊಲದ ಬಾವಿಯೊಂದೇ. ತನ್ನ ಅಂಗಡಿ ತೆರೆಯುವ ಮುಂಚೆ ಅಪ್ಪ ಅವಳನ್ನು ಕಾರಿನಲ್ಲಿ ಅಲ್ಲಿಗೆ ಕರೆದೊಯ್ದು, ಕ್ಯಾನು ತುಂಬಿಸಿಕೊಂಡು ಬರುತ್ತಾನೆ. ಆಳಿನ ಕೈಯಲ್ಲಿ ತರಿಸಬಹುದಲ್ಲ ಎಂದು ಕೇಳಿದ್ದೆ. "ನೇಮ ನಂದು, ಕೈ ಮಂದೀದು ಹೆಂಗ ನಡೀತೈತಿ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಯ ಸ್ಥಿತಿ ಬಲ್ಲವರೇ ಬಲ್ಲರು. ಹಿಂದೆ ದೀಪವಿಲ್ಲದ ಟ್ರೇಲರುಗಳು ಎಲ್ಲೆಂದರಲ್ಲಿ ನಿಂತಿರುತ್ತವೆ. ಒಂದು ಮುಂಜಾನೆ ಮಂಜುಗಟ್ಟಿದ ಗಾಜಿನ ಹಿಂದಿನಿಂದ ಅಪ್ಪನಿಗೆ ಹಸಿರು ಗುಡ್ಡವೊಂದು ಕಂಡಿತಂತೆ. ಗುಡ್ಡಕ್ಕೆ ಗಾಲಿ ಇದ್ದದ್ದು ಕಾಣುವಷ್ಟರಲ್ಲಿ ಬ್ರೇಕು ಒತ್ತಿದ್ದಕ್ಕೆ ಇಬ್ಬರೂ ಮನೆಗೆ ಬಂದರು. ಬಂದವನೇ ಅಪ್ಪ ತೀರ್ಪು ಕೊಟ್ಟ: "ಗಾಜ ಸ್ವಚ್ಛ ಆಗುತನಕ ಮುಂಜಾನೆ ಗಾಡಿ ತಗಿಯಾಂವಲ್ಲ ನಾ. ಆಯಿಗೆ ಬಾಟ್ಲಿ ನೀರ ತರತೇನಿ."

"ತಾ," ಎಂದಳು ಆಯಿ ಸಮಾಧಾನದಿಂದ. "ನಿನ್ನ ಗಾಡಿ ತೊಳಿಯಾಕ ಬರತೈತಿ."

ಮನೆಯ ಕ್ಯಾನಿನಲ್ಲಿ ನೀರಿನ್ನೂ ಇತ್ತು. ಅದು ತಳ ಕಾಣುವ ಮುಂಚೆ ಗಾಜಿನ ಗುಟ್ಟು ಒಡೆಯಬೇಕು. ಇಲ್ಲವಾದರೆ ಆಯಿ ಬಾಯಾರಿ ಕೂತುಕೊಳ್ಳುತ್ತಾಳೆ, ಅಪ್ಪ ಹಠ ಹಿಡಿದು ಕೂತುಕೊಳ್ಳುತ್ತಾನೆ, ನಡುವೆ ನಾನು. ಇದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು. ಆಯಿ ಆಡಿದ್ದನ್ನು ಮಾಡುವವಳು.

ನಿಪ್ಪಾಣಿಯ ಮಿಸ್ತ್ರಿಯನ್ನು ಕರೆಸಿದೆವು. ಅವನು ಬಾನೆಟ್ ಎತ್ತಿ, ಇಳಿಸಿ, ಮತ್ತೆ ಎತ್ತಿ ಹೇಳಿದ: "ಎಸಿ ಪೈಪ್ ಕಟ್ಟಿರಬೇಕ್ರಿ. ಇಲ್ಲಂದ್ರ ಬಾಗಲಾ ರಬ್ಬರ ಹೋಗಿರಬೇಕು. ಇಲ್ಲಂದ್ರ ಹೀಟರದಾಗಿಂದ ಸೋರತಿರಬೇಕು. ಮೂರೂ ಇದ್ದರೂ ಇರಬೇಕು ನೋಡ್ರಿ."

ಒಂದು ವಸ್ತುವನ್ನು ಕುರಿತು 'ಒಂದು ರೀತಿಯಲ್ಲಿ ಇದೆ, ಒಂದು ರೀತಿಯಲ್ಲಿ ಇಲ್ಲ, ಒಂದು ರೀತಿಯಲ್ಲಿ ಹೇಳಲಾಗದು' ಎಂದು ಏಳು ಬಗೆಯಲ್ಲಿ ಮಾತಾಡಬಹುದೆಂದು ನಮ್ಮ ಜೈನ ಹಿರಿಯರು ಸ್ಯಾದ್ವಾದ ಕಟ್ಟಿದರು. ಗ್ಯಾರೇಜುಗಳಲ್ಲಿ ಅದು ಇನ್ನೂ ಬದುಕಿರುವುದು ಸಂತೋಷದ ಸಂಗತಿ. ಮಿಸ್ತ್ರಿ ಪೈಪು ಊದಿದ, ರಬ್ಬರು ಬದಲಿಸಿದ. ಮರುದಿನ ಗಾಜು ಎಂದಿನಂತೆ ಬೆವರಿತು.

ಆಗ ನಾನು ಕೋಟು ಕಳಚಿಟ್ಟು ತರ್ಕವನ್ನು ಕೈಗೆತ್ತಿಕೊಂಡೆ. ಚಳಿಗಾಲದಲ್ಲಿ ಎಸಿ ಹಾಕುವವರು ಯಾರು? ಹಾಕದ ಎಸಿಯ ಪೈಪಿನಲ್ಲಿ ನೀರೆಲ್ಲಿಂದ ಬರಬೇಕು? ಮಳೆಯಿಲ್ಲದ ತಿಂಗಳಲ್ಲಿ ಬಾಗಿಲಿನ ರಬ್ಬರು ಗಟ್ಟಿ ಇದ್ದರೇನು, ಸಡಿಲಿದ್ದರೇನು? ಹೀಟರು ಸೋರಿದ್ದರೆ ಒಳಗೆ ಸಿಹಿ ಸಿಹಿಯಾದ ವಾಸನೆ ಬರಬೇಕು, ಗಾಜಿನ ಮೇಲೆ ಜಿಡ್ಡು ಕೂರಬೇಕು, ರೇಡಿಯೇಟರಿನ ನೀರು ಇಳಿಯಬೇಕು. ಮೂರೂ ಇಲ್ಲ. ನಂತರ ಅಪ್ಪನ ಒಂದು ಅಭ್ಯಾಸ ಕಣ್ಣಿಗೆ ಬಿತ್ತು. ಕಾರ್ಖಾನೆಯ ಹೊಗೆ, ರಸ್ತೆಯ ಧೂಳು ಒಳಗೆ ಬರಬಾರದೆಂದು ಅವನು ಒಳಗಿನ ಗಾಳಿ ಒಳಗೇ ಸುತ್ತುವ ಗುಂಡಿಯನ್ನು ವರ್ಷವಿಡೀ ಒತ್ತಿಯೇ ಇಟ್ಟಿದ್ದ. ಬಿಟ್ಟ ಉಸಿರೇ ಸುತ್ತಿ ಸುತ್ತಿ ತಣ್ಣಗಿನ ಗಾಜಿಗೆ ತಾಗಿ ಹನಿಯಾಗುತ್ತದೆ. ಚಹಾ ಕಪ್ಪು ಬಾಯಿಗಿಟ್ಟಾಗ ಅಪ್ಪನ ಕನ್ನಡಕ ಕುರುಡಾಗುವುದೂ ಇದೇ ನ್ಯಾಯದಿಂದ. ಸಿಕ್ಕಿತು ಎಂದುಕೊಂಡು ಗುಂಡಿ ಮೇಲೆತ್ತಿದೆ.

ಹಳೆಯ ತರ್ಕಶಾಸ್ತ್ರದಲ್ಲಿ ಒಬ್ಬ ಬರುತ್ತಾನೆ. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ತಿಳಿದು, 'ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ' ಎಂದು ಊಹಿಸಿದವನು. ಅವನ ತರ್ಕದ ನಡೆಯಲ್ಲಿ ತಪ್ಪಿಲ್ಲ, ಕಣ್ಣಲ್ಲಿ ತಪ್ಪು. ನನಗೂ ಅದೇ ಆಯಿತು. ನಸುಕಿನಲ್ಲಿ ಹೋಗಿ ನೋಡಿದರೆ, ಇಡೀ ರಾತ್ರಿ ಯಾರೂ ಕೂರದ ಕಾರಿನ ಗಾಜು ಒಳಗಿನಿಂದ ತೊಟ್ಟಿಕ್ಕುತ್ತಿತ್ತು. ಕಾರು ಉಸಿರಾಡುವುದಿಲ್ಲ. ಅಂದರೆ ನೀರು ಕಾರಿನಲ್ಲೇ ವಾಸವಾಗಿದೆ.

ಕಾಲಿಡುವ ಜಾಗದ ಮ್ಯಾಟುಗಳನ್ನೆಲ್ಲ ಎತ್ತಿ ಕೆಳಗೆ ಹಳೆಯ ಪೇಪರು ಹಾಸಿದೆ. ಮರುದಿನ ಮುಂದಿನವು ಒಣ ಹಪ್ಪಳದಂತಿದ್ದವು. ಹಿಂದೆ ಎಡಗಡೆಯದು, ಅಂದರೆ ಆಯಿ ಕೂರುವ ಕಡೆಯದು, ಹಾಲಿಗೆ ಬಿದ್ದ ಬ್ರೆಡ್ಡಿನಂತಾಗಿತ್ತು. ಬೆರಳಿಂದ ಒತ್ತಿದರೆ ಕೆಳಗಿನ ದಪ್ಪ ಪದರ ಪಚಪಚ ಎಂದಿತು.

ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದೆ. ಕಾರಿನಲ್ಲಿ ನೀರು ಚೆಲ್ಲಿದ್ದುಂಟೇ?

"ಕ್ಯಾನ ಡಿಕ್ಕಿಯಾಗ ಇರತಾವ, ಬೂಚ ಬಿಗಿ ಐತಿ," ಎಂದ ಅಪ್ಪ. ಡಿಕ್ಕಿ ನೋಡಿದೆ, ಒಣಗಿತ್ತು.

"ಒಳಗ ನೀರ ಯಾಕ ಒಯ್ಯೂಣು?" ಎಂದಳು ಆಯಿ.

ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಾಗಿ ಭಾನುವಾರ, ಅಂಗಡಿಗೆ ರಜೆ ಇದ್ದ ದಿನ, ಬಿಸಿಲು ಏರಿದ ಮೇಲೆ ಹೊಲಕ್ಕೆ ಹೋಗೋಣ ಎಂದು ಅಪ್ಪನನ್ನು ಒಪ್ಪಿಸಿ, ನಾನೂ ಹಿಂದಿನ ಸೀಟಿನಲ್ಲಿ ಆಯಿಯ ಪಕ್ಕ ಕೂತೆ. ಆಯಿ ಎರಡು ಕಿವಿಯ ಹಿತ್ತಾಳೆಯ ಬೋಗುಣಿಯನ್ನು ತಂದು ತನ್ನ ಪಾದಗಳ ನಡುವೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಜಪ ಶುರು ಮಾಡಿದಳು. ಬೋಗುಣಿಯ ತುಂಬ ನೀರಿತ್ತು. ಮುಚ್ಚಳವಿರಲಿಲ್ಲ.

ಅದು ಜೀವಾಣಿ. ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದ ಮೇಲೆ, ಆ ಬಟ್ಟೆಯನ್ನು ತಿರುವಿ ತೊಳೆದ ನೀರು. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ಬಾವಿಗೇ ಮರಳಿಸಬೇಕು. ಎತ್ತರದಿಂದ ಸುರಿದರೆ ಪೆಟ್ಟಾಗುತ್ತದೆಂದು ಬೋಗುಣಿಗೆ ಹಗ್ಗ ಕಟ್ಟಿ, ನೀರಿನ ಮಟ್ಟದ ತನಕ ಇಳಿಸಿ, ಮೆಲ್ಲಗೆ ಬಾಗಿಸುತ್ತಾರೆ. ಇದೆಲ್ಲ ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದದ್ದೇ. ಆದರೂ 'ಕಾರಿನಲ್ಲಿ ನೀರು' ಎಂದಾಗ ಅಪ್ಪನಿಗೂ ಆಯಿಗೂ, ಇಷ್ಟೆಲ್ಲ ತರ್ಕ ಓದಿದ ನನಗೂ ಇದು ನೆನಪಾಗಲಿಲ್ಲ. ನಮ್ಮ ಮನೆಯಲ್ಲಿ ಅದು ನೀರಿನ ಲೆಕ್ಕದಲ್ಲೇ ಇಲ್ಲ, ಧರ್ಮದ ಲೆಕ್ಕದಲ್ಲಿದೆ. ಧರ್ಮದಿಂದ ಮ್ಯಾಟು ನೆನೆಯುತ್ತದೆಂದು ಯಾರು ಭಾವಿಸುತ್ತಾರೆ?

ಮೊದಲ ಸ್ಪೀಡ್ ಬ್ರೇಕರಿಗೆ ಬೋಗುಣಿಯಿಂದ ಒಂದು ಬೊಗಸೆ ಜಿಗಿದು ಮ್ಯಾಟಿನ ಅಂಚಿನಲ್ಲಿ ಮಾಯವಾಯಿತು. ಅಪ್ಪನ ಕಣ್ಣು ರಸ್ತೆಯ ಮೇಲೆ, ಆಯಿಯ ಕಣ್ಣು ಒಳಗೆ. ಕಿಟಕಿಗಳೆಲ್ಲ ಮುಚ್ಚಿದ್ದವು.

"ಆಯಿ, ಮುಚ್ಚಳ ಯಾಕ ಹಾಕಿಲ್ಲ?"

"ಜೀವ ಅದಾವ ಅದರಾಗ. ಉಸಿರ ಬ್ಯಾಡೇನ? ನಿನ್ನ ಡಬ್ಬ್ಯಾಗ ಹಾಕಿ ಮುಚ್ಚಿ ಒಯ್ಲೇನ ಕಬ್ಬೂರಿಗೆ?"

"ಹಂಗಾರ ಕಿಡಕಿರೆ ತಗಿ."

"ಧೂಳ ಬೀಳತೈತಿ. ಸುಮ್ಮ ಕುಂದ್ರ ಬೇ, ಜಪ ತಪ್ಪತೈತಿ."

ನನ್ನ ಕೈಯಲ್ಲಿ ಪೂರ್ತಿ ಪ್ರಕರಣ ಇತ್ತು. ಮುಂದಿನ ಸೀಟಿನತ್ತ ಬಾಗಿ ಒಂದು ವಾಕ್ಯ ಹೇಳಿದ್ದರೆ ಅಪ್ಪನಿಗೆ ಬೇಕಾದ ಕಾರಣ ಸಿಗುತ್ತಿತ್ತು. ಬೋಗುಣಿಯೂ ನಿಲ್ಲುತ್ತಿತ್ತು, ಬಾವಿಯೂ ನಿಲ್ಲುತ್ತಿತ್ತು. ಕಾಣದ ಜೀವಗಳ ಬಗ್ಗೆ ನನಗೆ ಅಂಥ ಭಕ್ತಿಯೇನಿಲ್ಲ. ಆದರೂ ಬಾಯಿ ಮುಚ್ಚಿಕೊಂಡೆ. ಅಪ್ಪ ಪಂಪಿನ ಮೋಟರು ನೋಡಲು ಆಚೆ ಹೋದ ಮೇಲೆ, ಬಾವಿಯ ಕಟ್ಟೆಯ ಬಳಿ ಆಯಿಯನ್ನು ನಿಲ್ಲಿಸಿದೆ.

ಎದುರಾಳಿಯ ಮಾತನ್ನೇ ಒಪ್ಪಿಕೊಂಡು, ಆ ಮಾತಿನಿಂದಲೇ ಅವನನ್ನು ಕಟ್ಟಿಹಾಕುವುದು ಚರ್ಚೆಯ ಒಂದು ಪಟ್ಟು. ಆ ಪಟ್ಟು ಹಾಕಿದೆ. "ಪ್ರತಿ ಉಬ್ಬಿಗೆ ಇಷ್ಟಿಷ್ಟ ಮ್ಯಾಟಿಗೆ ಚೆಲ್ಲಾಕತ್ತೈತಿ ಆಯಿ. ಕೈ ಇಟ್ಟ ನೋಡ. ಅದರಾಗಿನ ಜೀವ ಎಲ್ಲಿ ಹೋದುವು?"

ಆಯಿ ಕಾರಿನೊಳಗೆ ಬಾಗಿ ಕೈ ಇಟ್ಟು ನೋಡಿದಳು. ಮುಚ್ಚಳದ ಮಾತಿಗೆ ತಿರುಗಿ ಹೊಡೆದಂತೆ ಏನಾದರೂ ಹೊಡೆದಾಳೆಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಬೋಗುಣಿಗೆ ಹಗ್ಗ ಕಟ್ಟಿ, ಉಳಿದ ನೀರನ್ನು ಬಾವಿಗೆ ಇಳಿಸಿದಳು. ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಹೊತ್ತು ಮುಳುಗುವ ಮುಂಚಿನ ಊಟಕ್ಕೂ ಏಳಲಿಲ್ಲ. "ನನ್ನ ಕಾಲ ಬುಡಕ ಹಿಂಸಾ ಆಗೇತಿ," ಎಂದಷ್ಟೇ ಹೇಳಿದಳು. ವಾದ ಗೆದ್ದಾಗ ನನಗೆ ಬಹುಮಾನದ ಢಾಲು ಸಿಕ್ಕು ಅಭ್ಯಾಸ. ಈ ಸಲ ಅಡುಗೆಮನೆಯಲ್ಲಿ ಒಂದು ತಾಟು ಬೋರಲು ಬಿದ್ದಿತ್ತು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಬಾಯಿ ತೆರೆಯುವ ಮುಂಚೆಯೇ ಪರಿಹಾರ ಮುಂದಿಟ್ಟೆ: ಬೋಗುಣಿಯ ಬದಲು ಸಣ್ಣ ಕಂಠದ ಕೊಡ; ಅರ್ಧಕ್ಕಿಂತ ಮೇಲೆ ತುಂಬಬಾರದು; ಬಾಯಿಗೆ ಮುಚ್ಚಳವಲ್ಲ, ಸೋಸುವ ಬಟ್ಟೆಯನ್ನೇ ಕಟ್ಟುವುದು, ಗಾಳಿಯಾಡುತ್ತದೆ, ಧೂಳು ಬೀಳುವುದಿಲ್ಲ, ಆದ್ದರಿಂದ ಕಿಟಕಿ ಒಂದಿಷ್ಟು ತೆರೆದಿಡಬಹುದು; ಕೊಡದ ಕೆಳಗೆ ಅಗಲದ ಪ್ಲಾಸ್ಟಿಕ್ ಬುಟ್ಟಿ, ಚೆಲ್ಲಿದ್ದೂ ಬಾವಿಗೇ ಹೋಗಬೇಕು.

"ಅಲ್ಲ ಬೇ, ನೀ ಯಾರ ಕಡೆ ವಕೀಲಿ?" ಎಂದ ಅಪ್ಪ.

"ಈ ಸಲ ಚೀಟಿ ಎತ್ತಿಲ್ಲ," ಎಂದೆ.

ಸೀಟು ಬಿಚ್ಚಿ ಒದ್ದೆಯಾದ ದಪ್ಪ ಪದರವನ್ನು ಹೊರತೆಗೆದೆವು. ಮಾಳಿಗೆಯ ಮೇಲೆ ಒಣಹಾಕಲು ಹೊರಟರೆ ಆಯಿ ಅಡ್ಡ ಬಂದು ನಿಂತಳು. ಅದರಲ್ಲಿ ಜೀವ ಉಳಿದಿದ್ದರೆ? ಸರಿ, ಮರುದಿನ ಅದೂ ಡಿಕ್ಕಿಯಲ್ಲಿ, ಚೀಲದೊಳಗೆ, ಬಾವಿಗೆ ಹೊರಟಿತು. ಅಂದು ಮುಂಜಾನೆ ಗಾಜು ಕನ್ನಡಿಯಂತಿತ್ತು. ಅಪ್ಪ ಕೀಲಿ ತಿರುವಿ ವೈಪರ್ ಹಾಕಿ, ಅದು ಕಿರ್ರೆಂದ ಮೇಲೆ ನನ್ನತ್ತ ನೋಡಿ, "ಹ್ಞೂಂ, ಈಗ ಸ್ವಚ್ಛ ಆತು," ಎಂದ.

ಬಾವಿಯ ಕಟ್ಟೆಯ ಮೇಲೆ ಆ ಪದರವನ್ನು ಹಾಸಿದೆವು. ಆಯಿ ಅದರ ಪಕ್ಕದಲ್ಲೇ ಕೂತಳು. ಹಿಂದಿನ ದಿನ ಮುಂಜಾನೆಯಿಂದ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ. ರೊಟ್ಟಿಯ ಗಂಟನ್ನು ಸುಮ್ಮನೆ ಜೊತೆಗೆ ತಂದಿದ್ದೆ. ಬಿಸಿಲು ತಾಗಿ ಒದ್ದೆಯ ಮೇಲಿಂದ ತೆಳ್ಳಗೆ ಹಬೆ ಏಳತೊಡಗಿತು.

"ಈ ನೀರ ಎಲ್ಲಿ ಹೊಂಟೈತಿ?" ಎಂದು ಕೇಳಿದಳು ಆಯಿ.

"ಮ್ಯಾಲ."

"ಆಮ್ಯಾಲ?"

"ಮ್ವಾಡ ಆಕೈತಿ. ಮಳಿ ಆಕೈತಿ."

"ಆ ಮಳಿ ನಮ್ಮ ಬಾಂವ್ಯಾಗೂ ಬೀಳತೈತೇನ?"

"ಬೀಳತೈತಿ."

ಆಯಿ ಹಬೆ ಏರಿದ ಕಡೆಗೆ ಕತ್ತೆತ್ತಿ ನೋಡಿದಳು. "ಹಂಗಾರ ಸುತ್ತ ಹಾಕಿ ಮನಿಗೆ ಬರತಾವ, ತಗೋ," ಎಂದು ಗಂಟಿಗೆ ಕೈ ಚಾಚಿದಳು.

ಹಬೆಯಾಗಿ ಏರುವುದು ಬರೀ ನೀರು, ಅದರೊಳಗಿನ ಜೀವವಲ್ಲ. ಎಂಟನೆಯ ತರಗತಿಯ ಮಗುವೂ ಆ ವಾದವನ್ನು ಒಂದೇ ಮಾತಿನಲ್ಲಿ ಕೆಡವೀತು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆಯಿ ರೊಟ್ಟಿ ಮುರಿಯುತ್ತಿದ್ದಳು. ನಾನು ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ ಅವಳ ಮುಂದಿಟ್ಟೆ.