ಕಾಳವ್ವ ಡೊಳ್ಳು ನಿಲ್ಲಿಸಿದ ಸಂಜೆ

ನನ್ನ ನೆಗೆಣ್ಣಿ ಕಾಳವ್ವನಿಗೆ ಬಾಯಿ ಜಾಸ್ತಿ. ಇದನ್ನು ಅವಳ ಎದುರಿಗೇ ಹೇಳುತ್ತೇನೆ, ಅವಳೂ ನಕ್ಕು ಒಪ್ಪಿಕೊಳ್ಳುತ್ತಾಳೆ. ನನ್ನ ಮೈದುನ ಧರೆಪ್ಪನ ಕೈ ಹಿಡಿದು ಅಲಖನೂರಿಗೆ ಬಂದ ವಾರದಲ್ಲೇ, ಅಡುಗೆಮನೆಯಲ್ಲಿ ಹೊಗೆ ತುಂಬುತ್ತದೆ ಎಂದು ಅತ್ತೆಯ ಜೊತೆ ಜಗಳ ತೆಗೆದವಳು. ಮಾಡಿನಲ್ಲಿ ಕಿಂಡಿ ಬಿಡಿಸುವವರೆಗೂ ಸುಮ್ಮನಾಗಲಿಲ್ಲ. ಇಂಥವಳು ಹೊಲದ ಮನೆಗೆ ಮೂರು ಕೋಣೆ ಸೇರಿಸಿ, ಪಟ್ಟಣದ ಮಂದಿಯನ್ನು ಕರೆದು ಇರಿಸಿಕೊಳ್ಳುತ್ತೇನೆ ಎಂದಾಗ ಯಾರೂ ತಡೆಯಲು ಹೋಗಲಿಲ್ಲ. ತಡೆದರೆ ಕೇಳುವವಳೇ?

"ನಮ್ಮ ರೊಟ್ಟಿ ತಿನ್ನಾಕ ಅಷ್ಟ ದೂರದಿಂದ ಯಾರ್ ಬರ್ತಾರಬೇ?" ಎಂದು ನಾನು ಮಾತ್ರ ಕೇಳಿದ್ದೆ.

ಬಂದರು. ನಿಪ್ಪಾಣಿಯಿಂದ, ಕೊಲ್ಹಾಪುರದಿಂದ, ಸಾಂಗ್ಲಿಯಿಂದ ಕಾರು ಮಾಡಿಕೊಂಡು ಬಂದರು. ಆಷಾಢದಲ್ಲಿ ಅವರ ಕೈಯಲ್ಲಿ ಮಣ್ಣಿನ ಗುಳ್ಳವ್ವನ ಮೂರ್ತಿ ಮಾಡಿಸಿದಳು, ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದಳು. ಚಳಿಗಾಲ ಬಂತೆಂದರೆ ಸೀತನಿ. ಎಳೆ ಜೋಳದ ತೆನೆಯನ್ನು ಗುಂಡಿಯೊಳಗಿನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಉದುರಿಸಿ, ಶೇಂಗಾ ಚಟ್ನಿಯ ಜೊತೆ ಕೊಡುವುದು. ಮಧ್ಯಾಹ್ನ ಹೆಂಗಸರಿಗೆ ಹಳೆ ಬಟ್ಟೆಯ ಕೌದಿ ಹೊಲಿಯುವ ಪಾಠ. ಆ ಪಾಠದ ಮಾಸ್ತರಿಣಿ ನಾನೇ, ಯಾಕೆಂದರೆ ಕಾಳವ್ವನ ಹೊಲಿಗೆ ಹಾವು ಹೋದ ಹಾಗೆ ಹೋಗುತ್ತದೆ. ಸಂಜೆ ಕುರಿ ಹಟ್ಟಿಯಿಂದ ಹಾಲೇಶ ತನ್ನ ಮೇಳ ಕಟ್ಟಿಕೊಂಡು ಬಂದು ಡೊಳ್ಳು ಬಾರಿಸುತ್ತಿದ್ದ.

ಪ್ರತಿ ಕೋಣೆಗೂ ಬಾತ್‌ರೂಮು, ಅದರಲ್ಲಿ ಕುರ್ಚಿಯಂಥ ಕಮೋಡು. ಅದರ ಮೇಲೆ ಅವಳಿಗೆ ಎಷ್ಟು ಅಭಿಮಾನವೆಂದರೆ, ಬಂದವರಿಗೆ ನೀರು ಕೊಡುವುದಕ್ಕಿಂತ ಮೊದಲು ಅದನ್ನೇ ತೆರೆದು ತೋರಿಸುತ್ತಿದ್ದಳು.

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಿಪ್ಪಾಣಿಯಿಂದ ಸಂಜಯ ಮತ್ತು ಸ್ನೇಹಲ ಎಂಬ ಗಂಡ ಹೆಂಡತಿ ಬಂದರು. ಜೊತೆಗೆ ಸಂಜಯನ ತಾಯಿ. ಹಲ್ಲು ಒಂದೂ ಇಲ್ಲ, ಕಣ್ಣು ಮಸುಕು, ಮಾತು ಅರ್ಧ ಕನ್ನಡ ಅರ್ಧ ಮರಾಠಿ. ಎಲ್ಲರೂ ಆಯಿ ಎಂದೇ ಕರೆದೆವು. ತಲೆ ಮೇಲಿನ ಸೆರಗು ಒಂದಿಷ್ಟೂ ಜಾರಗೊಡದ ಹೆಂಗಸು. ಬೆಳಿಗ್ಗೆ ಕಾಳವ್ವ ಹೆಮ್ಮೆಯಿಂದ ಬಾತ್‌ರೂಮು ತೋರಿಸಿದಾಗ ಆಯಿ ಒಳಗೆ ಇಣುಕಿ ನೋಡಿ ಬಾಗಿಲು ಮುಂದೆ ಮಾಡಿದರು. ನನಗೆ ಒಳಗೊಳಗೇ ನಗು.

ಮಧ್ಯಾಹ್ನವೆಲ್ಲ ಆಯಿ ನನ್ನ ಪಕ್ಕ ಕುಳಿತು, ಬೆರಳಿನಿಂದಲೇ ತಡವರಿಸಿ ಕೌದಿಗೆ ದಾರ ಹಾಕಿದರು. ಚಹಾದ ಹೊತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. ಕೋಣೆಗೆ ಹೋದರೇನೋ ಅಂದುಕೊಂಡೆ. ಚಹಾ ಆರಿತು. ಸ್ನೇಹಲ ಕೋಣೆಗೆ ಹೋಗಿ ಓಡುತ್ತಾ ಹೊರಬಂದಳು. ಒಳಗೆ ಆಯಿ ಇರಲಿಲ್ಲ.

ಸೀತನಿಯ ಗುಂಡಿಯ ಹತ್ತಿರ ನೋಡಿದೆವು, ಬಾವಿ ಇಣುಕಿದೆವು. ಆಗ ಕಬ್ಬಿನ ಬದುವಿನ ಮೇಲೆ ಸಂಜಯನಿಗೆ ಚಪ್ಪಲಿ ಕಂಡವು. ತಾಯಿಯದೇ.

ನಮ್ಮ ಕಬ್ಬು ಆಳೆತ್ತರಕ್ಕಿಂತ ಎಷ್ಟೋ ಮೇಲೆ ಬೆಳೆದು ನಿಂತಿತ್ತು. ಒಳಗೆ ಹೊಕ್ಕರೆ ಹಗಲಲ್ಲೂ ದಿಕ್ಕು ತಿಳಿಯುವುದಿಲ್ಲ, ಕಣ್ಣು ಚೆನ್ನಾಗಿದ್ದವರಿಗೇ ತಿಳಿಯುವುದಿಲ್ಲ. ನಮ್ಮ ಕಬ್ಬು ಮುಗಿದಲ್ಲಿ ನೆರೆಯ ಅಣ್ಣಾಸಾಬನ ಕಬ್ಬು ಶುರು, ನಡುವೆ ತುಳಿದು ತುಳಿದು ಸವೆದ ಬದು ಅಷ್ಟೇ.

"ಡೊಳ್ಳ ಬಾರಸೂಣು. ಸಪ್ಪಳದ ಬೆನ್ನ ಹತ್ತಿ ಹೊರಗ ಬರ್ತಾರ," ಎಂದ, ಅಷ್ಟರಲ್ಲಿ ಮೇಳದೊಂದಿಗೆ ಬಂದಿದ್ದ ಹಾಲೇಶ. ಎಲ್ಲರಿಗೂ ಅದು ಸರಿ ಕಂಡಿತು. ಮೇಳದವರು ನಮ್ಮ ಕಡೆಯ ಬದುವಿನುದ್ದಕ್ಕೂ ನಿಂತು ಬಾರಿಸತೊಡಗಿದರು. ಆಳುಗಳು ಕಬ್ಬಿನೊಳಗೆ ಹೊಕ್ಕು ಕೂಗಿದರು, ಸಂಜಯ ಗಂಟಲು ಹರಿಯುವ ಹಾಗೆ "ಆಯೀ" ಎಂದು ಚೀರಿದ. ಕಬ್ಬಿನೊಳಗಿಂದ ಒಂದು ಉತ್ತರವಿಲ್ಲ. ಒಮ್ಮೆ ಮಾತ್ರ ದೂರದಲ್ಲಿ ಸುಳಿಗಳು ಅಲುಗಿದವು. ಆ ಅಲುಗಾಟ ನಮ್ಮ ಕಡೆಗೆ ಬರಲಿಲ್ಲ, ಆಚೆಗೆ ಹೋಯಿತು.

ಅದೇ ಹೊತ್ತಿಗೆ ಧರೆಪ್ಪ ಆಕಾಶ ನೋಡಿದ. ಅಣ್ಣಾಸಾಬನ ಹೊಲದ ಆ ತುದಿಯಲ್ಲಿ ಹೊಗೆ ಏಳುತ್ತಿತ್ತು.

ಕಡಿಯುವ ಗ್ಯಾಂಗ್ ಬರುವ ಮುಂಚೆ ಒಣಗರಿಯ ರವದಿ ಸುಡಲೆಂದು ಕಬ್ಬಿಗೆ ಬೆಂಕಿ ಕೊಡುವುದು ನಮ್ಮಲ್ಲಿ ಉಂಟು. ಒಣಗಿದ ಗರಿಗೆ ಬೆಂಕಿ ತಾಗಿದರೆ ಅದನ್ನು ಆರಿಸುವವರು ಯಾರೂ ಹುಟ್ಟಿಲ್ಲ. ಧರೆಪ್ಪ ಫೋನು ಹಚ್ಚಿದ, ಅಣ್ಣಾಸಾಬ ಎತ್ತಲಿಲ್ಲ. ಎರಡು ಸಲ ಹಚ್ಚಿ, ಬೈಕು ಒದ್ದು, ರಸ್ತೆ ಸುತ್ತಿಕೊಂಡು ಹೊರಟೇಬಿಟ್ಟ.

ಸಂಜಯ ಕಾಳವ್ವನ ಮೇಲೆ ಹರಿಹಾಯ್ದ. "ನಿಮ್ಮನ್ನ ನಂಬಿ ಬಂದೀವ್ರಿ! ನಮ್ಮ ಆಯಿಗೆ ಏನರ ಆದ್ರ..."

ಯಾವಾಗಲೂ ಒಂದಕ್ಕೆ ಹತ್ತು ಆಡುವ ನನ್ನ ನೆಗೆಣ್ಣಿ ಅವತ್ತು ಬಾಯಿ ತೆರೆಯಲಿಲ್ಲ. ಮನೆಯ ಕಡೆ ನೋಡುತ್ತಾ ನಿಂತಿದ್ದಳು. ನನಗೆ ಸಿಟ್ಟು ಬಂತು. ಇದೇನು ಗರ ಬಡಿದು ನಿಲ್ಲುವ ಹೊತ್ತೇ?

"ಅಕ್ಕಾ," ಎಂದಳು ಮೆಲ್ಲಗೆ, "ಗುಡಾಣದ ಮ್ಯಾಲಿನ ತಂಬಿಗಿ ಎಲ್ಲೈತಿ?"

ನಾನೂ ತಿರುಗಿ ನೋಡಿದೆ. ಅಂಗಳದ ನೀರಿನ ಗುಡಾಣದ ಮೇಲೆ ಹಿತ್ತಾಳೆ ತಂಬಿಗೆ ಇರಲಿಲ್ಲ.

ಅವಳು ನನ್ನ ಕಿವಿಗೆ ಬಾಯಿ ಹಚ್ಚಿದಳು. "ಬಯಲಕಡಿಗೆ ಕುಂತ ಹೆಣ್ಣಮಗಳು ಗಂಡಸರ ದನಿ ಕೇಳಿದ್ರ ಏನ್ ಮಾಡ್ತಾಳ?"

ಏನು ಮಾಡುತ್ತಾಳೆ? ಉಸಿರು ಬಿಗಿ ಹಿಡಿದು ಇನ್ನಷ್ಟು ಒಳಗೆ ಸರಿಯುತ್ತಾಳೆ. ಕೂಗಿದರೆ ಓ ಅನ್ನುವುದಿಲ್ಲ. ಮನೆಗೆ ಪಾಯಖಾನೆ ಬರುವ ಮುಂಚೆ ನಾವೂ ಹಾಗೇ ಮಾಡಿದವರು. ಆ ಮುದುಕಿಯನ್ನು ಹುಡುಕುತ್ತೇವೆ ಅಂದುಕೊಂಡು ನಾವೇ ಬೆಂಕಿಯ ಕಡೆಗೆ ಅಟ್ಟುತ್ತಿದ್ದೆವು.

"ಡೊಳ್ಳ ನಿಲ್ಲಸ್ರಿ!" ಕಾಳವ್ವನ ದನಿ ಅಷ್ಟೂ ಡೊಳ್ಳುಗಳ ಮೇಲೆ ಕೇಳಿತು. "ಗಂಡಸರು ಒಬ್ಬರೂ ಇಲ್ಲಿರಬ್ಯಾಡ್ರಿ. ಎಲ್ಲಾರೂ ರೋಡಿಗೆ ಹೋಗ್ರಿ."

"ತಲಿ ಕೆಟ್ಟೈತೇನ ಕಾಳಕ್ಕ?" ಎಂದ ಹಾಲೇಶ. ಸಂಜಯನಂತೂ ಅವಳ ಮೇಲೆ ಕೈ ಎತ್ತುವುದೊಂದು ಬಾಕಿ.

"ನಿಮ್ಮ ಆಯಿ ಜೀವಂತ ಬೇಕೋ ಬ್ಯಾಡೋ? ಬೇಕಿದ್ರ ಹೋಗ್ರಿ!"

ಯಾಕೆ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಎಲ್ಲರೂ ಅರೆಗಳಿಗೆಯಲ್ಲಿ ಒಪ್ಪುತ್ತಿದ್ದರು. ಆದರೂ ಅಷ್ಟು ಗಂಡಸರ ನಡುವೆ ಆಯಿಯ ಮಾನ ತೆಗೆಯುವ ಆ ಮಾತನ್ನು ಅವಳು ನಾಲಿಗೆ ಕಚ್ಚಿ ತಡೆದುಕೊಂಡಳು. ಸ್ನೇಹಲಳಿಗೆ ಏನು ಹೊಳೆಯಿತೋ, ಗಂಡನ ತೋಳು ಹಿಡಿದು ರಸ್ತೆಯ ಕಡೆ ದಬ್ಬಿದಳು. ಡೊಳ್ಳು ನಿಂತವು. ಆಳುಗಳು ಹೊರಬಂದರು. ಆಗಲೇ ನಮಗೆ ಕೇಳಿಸಿದ್ದು, ದೂರದಲ್ಲಿ ಗರಿಗಳು ಚಟಚಟ ಸಿಡಿಯುವ ಸಪ್ಪಳ.

ಕಾಳವ್ವ ಮುಂದೆ, ನಾನು ಹಿಂದೆ, ನನ್ನ ಹಿಂದೆ ಸ್ನೇಹಲ. ಗರಿ ಕೆನ್ನೆ ಕೊಯ್ದವು, ಸೆರಗು ಹಿಡಿದು ಜಗ್ಗಿದವು. ಸವೆದ ಬದು ದಾಟಿ ಅಣ್ಣಾಸಾಬನ ಕಬ್ಬಿಗೆ ಬಿದ್ದೆವು. ಅಲ್ಲಿ ಹೊಗೆ ನೆಲಕ್ಕೆ ಇಳಿದಿತ್ತು. ಹಿಂದೆಂದೂ ಇಷ್ಟು ಹೆದರಿದ ನೆನಪು ನನಗಿಲ್ಲ. ತಿರುಗಿ ಹೋಗೋಣ ಎನ್ನುವ ಮಾತು ನಾಲಿಗೆಗೆ ಬಂದಿತ್ತು, ಕಾಳವ್ವನ ಬೆನ್ನು ನೋಡಿ ನುಂಗಿಕೊಂಡೆ.

ಅವಳು ಚೀರಲಿಲ್ಲ. ಹಿತ್ತಲಲ್ಲಿ ನಿಂತು ಪಕ್ಕದ ಮನೆಯವಳನ್ನು ಕರೆಯುವ ದನಿಯಲ್ಲಿ, "ಆಯೀ, ಗಾಬರಿ ಆಗಬ್ಯಾಡ್ರಿ, ನಾವು ಹೆಣ್ಣಮಕ್ಕಳಷ್ಟ ಅದೀವಿ," ಎನ್ನುತ್ತಾ ನಡೆದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ನಾನೂ ಸ್ನೇಹಲಳೂ ದನಿಗೂಡಿಸಿದೆವು.

ತೀರ ಹತ್ತಿರದಲ್ಲಿ, ನಮ್ಮ ಎಡಗಡೆಯಲ್ಲೇ, ಕೆಮ್ಮಿನ ನಡುವೆ ಒಂದು ಸಣ್ಣ ದನಿ ಕೇಳಿತು. "ಗಡಿ ಮಾಣಸಂ ಗೇಲಿ ಕಾ ಗ?"

"ಹೋಗ್ಯಾರ್ರಿ ಆಯಿ, ಗಂಡಸರೆಲ್ಲಾ ಹೋಗ್ಯಾರ," ಎಂದಳು ಕಾಳವ್ವ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಒತ್ತಿ ಬಂತು.

ಆಯಿ ತಂಬಿಗೆಯನ್ನು ಎದೆಗೆ ಅವಚಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದರು. ಕಾಳವ್ವ ಅವರನ್ನು ಕೂಸಿನ ಹಾಗೆ ಎತ್ತಿಕೊಂಡಳು. ಹೊಗೆ ಬೆನ್ನಿಗೆ ಬಿಟ್ಟುಕೊಂಡು ಓಡಿದೆವು. ನಮ್ಮ ಬದುವಿನ ಅಂಚಿಗೆ ಬಂದು ತಿರುಗಿ ನೋಡಿದರೆ ಅಣ್ಣಾಸಾಬನ ಕಬ್ಬಿನ ಸುಳಿಗಳ ಮೇಲೆ ಬೆಂಕಿ ಕುಣಿಯುತ್ತಿತ್ತು. ಧರೆಪ್ಪ ಮತ್ತು ಅಣ್ಣಾಸಾಬ ಆಳುಗಳನ್ನು ಹಚ್ಚಿ ಬೆಂಕಿ ದಾಟದಂತೆ ನಡುವಿನ ಬದುವಿನ ಗುಂಟ ಕಬ್ಬು ಕಡಿದು ಉರುಳಿಸುತ್ತಿದ್ದರು. ನಮ್ಮದೂ ಒಂದಷ್ಟು ಸಾಲು ಸುಟ್ಟವು. ಸುಡಲಿ.

ರಸ್ತೆಯಿಂದ ಗಂಡಸರು ಓಡಿ ಬರುವುದು ಕಂಡಿತು. ಆಯಿಯ ಮುಖ ಸಣ್ಣದಾಯಿತು. ಸೆರಗು ಎಳೆದುಕೊಂಡು ಕಾಳವ್ವನ ಬೆನ್ನ ಹಿಂದೆ ಸರಿದರು. ಬೆಂಕಿಗೆ ಹೆದರದ ಹೆಂಗಸು, ಎಲ್ಲಿಗೆ ಹೋಗಿದ್ದಿರಿ ಎಂದು ಗಂಡಸರು ಕೇಳುವ ಪ್ರಶ್ನೆಗೆ ಹೆದರಿದ್ದರು.

ಕಾಳವ್ವ ತಂಬಿಗೆ ಕಸಿದುಕೊಂಡು ನನ್ನ ಸೆರಗಿನೊಳಗೆ ತುರುಕಿದಳು. ಬದುವಿನ ಮೇಲಿನ ಒಂದು ಕಬ್ಬು ಲಟಕ್ಕನೆ ಮುರಿದು ಆಯಿಯ ಕೈಗೆ ಕೊಟ್ಟಳು.

"ಕಬ್ಬ ಮುರಿಯಾಕ ಹೋಗಿದ್ರು. ದಾರಿ ತಪ್ಪಿತು," ಎಂದಳು ಎಲ್ಲರಿಗೂ ಕೇಳುವ ಹಾಗೆ.

ಸಂಜಯ ತಾಯಿಯನ್ನು ಅಪ್ಪಿಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಕಬ್ಬು ನೋಡಿದ, ತಾಯಿಯ ಬಾಯಿ ನೋಡಿದ. "ಆಯಿ, ನಿನಗ ಹಲ್ಲ ಎಲ್ಲದಾವ?"

ಆಯಿ ನಿಧಾನವಾಗಿ ಕಬ್ಬು ಎತ್ತಿ, ಬೊಚ್ಚುಬಾಯಿಗೆ ಇಟ್ಟುಕೊಂಡು, ಮಗನನ್ನೇ ನೋಡುತ್ತಾ ಚೀಪತೊಡಗಿದರು.

ಈ ವರ್ಷ ಅವರೇ ಬಂದು ಕೌದಿಯ ಮೇಲೆ ಕುಳಿತು, ಹೆಂಗಸರೆದುರು ಎಲ್ಲ ಹೇಳಿ ನಕ್ಕರು, ಮುಚ್ಚಿಡಬೇಡಿರಿ ಎಂದೂ ಹೇಳಿದರು. ಇಲ್ಲದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅಷ್ಟರೊಳಗೆ ಕಾಳವ್ವ ಒಂದು ಕೋಣೆಯ ಕಮೋಡು ಕೀಳಿಸಿ, ಕುಕ್ಕರಗಾಲಲ್ಲಿ ಕೂರುವಂಥದ್ದನ್ನು ಹಾಕಿಸಿದ್ದಳು. ಆಯಿ ಬಂದಿಳಿದಾಗ ನೀರು ಕೊಡುವುದಕ್ಕಿಂತ ಮೊದಲು ಅದನ್ನೇ ತೆರೆದು ತೋರಿಸಿದಳು.