ಬೋರ್ಡಿನ ಬೆನ್ನು

ಅಂಗಡಿಯ ಬೋರ್ಡನ್ನು ಹಿಂದಿನಿಂದ ನೋಡುವವರು ಕಡಿಮೆ. ಎಂಎ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತಿದ್ದ ದಿನಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಅದನ್ನೇ. ಜರಗನಹಳ್ಳಿಯಲ್ಲಿ ಯಾರದೋ ಹಳೆಯ ದನದ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ಅಣ್ಣ ಶೆಡ್ ಮಾಡಿಕೊಂಡಿದ್ದ. ಒಳಗೆ ಟ್ಯೂಬ್‌ಲೈಟ್ ಉರಿಯುವ ಬೋರ್ಡುಗಳಿಗೆ ಕಬ್ಬಿಣದ ಚೌಕಟ್ಟು ಮಾಡಿ, ಹಿಂಬದಿಗೆ ತಗಡು ಕೂರಿಸುವುದು ಅವನ ಕೆಲಸ. ಮುಂದಿನ ಫ್ಲೆಕ್ಸ್ ಬೇರೆ ಕಡೆಯಿಂದ ಪ್ರಿಂಟ್ ಆಗಿ ಬರುತ್ತಿತ್ತು. ಹಿಂಬದಿಯ ತಗಡಿಗೆ ನಮ್ಮ ಶೆಡ್ಡಿನಲ್ಲಿ ಬೆನ್ನು ಎನ್ನುತ್ತಿದ್ದರು. ಅದರ ಒಳಮೈಗೆ ಬಿಳಿ ಬಣ್ಣ ಹೊಡೆದರೆ ಬೆಳಕೆಲ್ಲ ಮುಂದಕ್ಕೆ, ಬೀದಿಯ ಕಡೆಗೆ ಬೀಳುತ್ತದೆ.

ಬೆನ್ನಿಗೆ ಹೊಸ ತಗಡೇ ಆಗಬೇಕೆಂದೇನೂ ಇರಲಿಲ್ಲ. ಮುಚ್ಚಿದ ಅಂಗಡಿಗಳ ಬೋರ್ಡು ಇಳಿಸಲೂ ಅಣ್ಣನನ್ನೇ ಕರೆಯುತ್ತಿದ್ದರು. ಅಂಥ ಹಳೆ ಬೋರ್ಡುಗಳಲ್ಲಿ ಅಕ್ಷರಗಳನ್ನು ತಗಡಿನ ಮೇಲೆಯೇ ಬೋಲ್ಟ್ ಹಾಕಿ ಕೂರಿಸಿರುತ್ತಿದ್ದರು. ಆ ತಗಡನ್ನು ತಂದು, ಬೋಲ್ಟಿನ ತೂತುಗಳಿಗೆ ಪುಟ್ಟಿ ತುಂಬಿ, ಮಗುಚಿ ಹಾಕಿ ಬಣ್ಣ ಹೊಡೆಯುತ್ತಿದ್ದ. ಬೀದಿ ನೋಡುತ್ತಿದ್ದ ಮುಖ ಗೋಡೆಯ ಕಡೆ ತಿರುಗಿದರೆ ಹಳೆ ಅಂಗಡಿಯ ಋಣ ಅಲ್ಲಿಗೆ ತೀರಿತು ಎಂದು ಅಣ್ಣನೂ ಅವನ ಜೊತೆಯವರೂ ನಂಬಿದ್ದರು. ಗಿರಾಕಿಗಳಿಗೆ ಹೇಳುವ ರೂಢಿ ಇರಲಿಲ್ಲ. ಅವರು ಕೇಳುತ್ತಲೂ ಇರಲಿಲ್ಲ.

ಬಿಟಿಎಂನಲ್ಲಿ ರೊಟ್ಟಿ ಊಟದ ಖಾನಾವಳಿ ತೆರೆಯಲಿದ್ದ ಒಬ್ಬ ಹೆಂಗಸು ಬೋರ್ಡು ಮಾಡಿಸಲು ಬಂದರು. ಬಾಗಲಕೋಟೆಯವರೆಂದು ನೆನಪು, ಬಿಜಾಪುರವೂ ಇರಬಹುದು. ತಿಲಕ್ ನಗರದಲ್ಲಿದ್ದ ಅವರ ಮೊದಲ ಖಾನಾವಳಿ ನಡೆಯದೆ ಮುಚ್ಚಿತ್ತು. ಇದೂ ಹೋದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುವುದೆಂದು ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ. ಆದ್ದರಿಂದ ಮುಚ್ಚಿದ ಅಂಗಡಿಯ ಒಂದು ಚಮಚವನ್ನೂ ಅವರು ಹೊಸದಕ್ಕೆ ತಂದಿರಲಿಲ್ಲ.

‘ರೊಟ್ಟಿ ಹಂಚು ಸೈತ ಹೊಸಾದು ತಗೊಂಡೇನ್ರಿ. ಹಳೇದರ ಗಾಳಿ ಸೋಕಬಾರದು ನೋಡ್ರಿ,’ ಎಂದರು.

ಅಣ್ಣ ತಲೆಯಾಡಿಸಿದ. ಅವನಿಗೆ ಮೋಸದ ಉದ್ದೇಶ ಇತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಅಣ್ಣನೆಂಬ ಕಾರಣಕ್ಕೆ ಹೀಗೆ ಬರೆಯುತ್ತಿದ್ದೇನೋ ಏನೋ. ಮಗುಚಿದ ತಗಡು ಅವನ ಪಾಲಿಗೆ ಹೊಸದೇ.

ಖಾನಾವಳಿಯ ಪೂಜೆಯ ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೆ ಅವರು ಬೋರ್ಡು ನೋಡಲು ಬಂದರು.

‘ಎಂಎ ಸಾಹೇಬ್ರೇ, ಆ ಕಡೆ ಎತ್ತಿ ಹಿಡ್ಕೊಳ್ಳಿ,’ ಎಂದ ಅಣ್ಣ ನನಗೆ. ‘ಪುಸ್ತಕ ಅಲ್ಲ, ಬಿದ್ರೆ ಕಾಲು ಹೋಗತ್ತೆ.’

ಸ್ವಿಚ್ ಹಾಕಿದ. ಹಳದಿ ಅಕ್ಷರಗಳು ಹೊಳೆದವು. ‘ಚಲೋ ಬಂದೈತ್ರಿ!’ ಎಂದು ಅವರು ನಕ್ಕರು. ನಗುತ್ತಲೇ ಬೋರ್ಡಿನ ಹಿಂದಕ್ಕೆ ಬಂದರು, ನಾನು ನಿಂತಿದ್ದ ಕಡೆಗೆ.

ಬೆನ್ನಿನ ತುಂಬ ಬೆಳಕಿನ ಚುಕ್ಕೆಗಳು. ರಿವೆಟ್ ಹೊಡೆಯುವಾಗಿನ ಅದುರಾಟಕ್ಕೆ ಪುಟ್ಟಿ ಉದುರಿಹೋಗಿತ್ತು. ಹಳೆ ಅಂಗಡಿಯ ಅಕ್ಷರಗಳನ್ನು ಹಿಡಿದಿದ್ದ ಬೋಲ್ಟಿನ ಜಾಗಗಳೆಲ್ಲ ಸಾಲಾಗಿ ಮಿನುಗುತ್ತಿದ್ದವು.

‘ಇದು ಯಾರ ಅಂಗಡೀದ್ರಿ, ಅಣ್ಣಾರ?’

‘ಹಳೇ ತಗಡು ಅಕ್ಕ. ಎಲ್ರೂ ಹಾಕೋದೇ. ಮಗುಚಿ ಹಾಕಿದೀನಲ್ಲ, ದೋಷ ಏನಿಲ್ಲ.’

‘ದೋಷದ ಮಾತು ಆಮ್ಯಾಲ. ಯಾರದು ಅಂತ ಕೇಳಾಕತ್ತೇನಿ.’

‘ಜೆಪಿ ನಗರದಲ್ಲಿ ಒಂದು ರೆಡಿಮೇಡ್ ಬಟ್ಟೆ ಅಂಗಡಿ ಇತ್ತು. ಮುಚ್ಚಿದ್ರು.’

‘ಈಗ ಏನ್ ಮಾಡ್ತಾರ ಅವರು?’

ಅಣ್ಣ ನನ್ನ ಮುಖ ನೋಡಿದ, ನನಗೇನಾದರೂ ಗೊತ್ತಿದೆಯೋ ಎಂಬಂತೆ. ‘ಬೋರ್ಡು ಇಳಿಸುವಾಗ ಅವ್ರೇ ಬಂದು ಏಣಿ ಹಿಡ್ಕೊಂಡಿದ್ರು. ಆದ್ರೆ ಕೇಳ್ಲಿಲ್ಲ ಅಕ್ಕ,’ ಎಂದ.

‘ಏಣಿ ಹಿಡಿದು ನಿಂತಾಂವನ್ನ ಒಂದು ಮಾತು ಕೇಳಲಿಲ್ಲಾ? ತಿಲಕ್ ನಗರದಾಗ ನಮ್ಮ ಬೋರ್ಡು ಇಳಿಸಿದಾಂವನೂ ಹಂಗ. ಆಟೋದಾಗ ಹಿಡಿಸವಲ್ದು ಅಂತ ತಗಡಿಗೆ ಬೈಕೋತ ಹೋದ.’

ಆಗ ಅವರು ಅತ್ತರು ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾಳೆ. ಅತ್ತಿಗೆ ಅಲ್ಲಿ ಇರಲೇ ಇಲ್ಲ. ನನಗೆ ನೆನಪಿರುವುದು ಅವರು ಸೆರಗಿನಿಂದ ಕೈ ಒರೆಸಿಕೊಂಡದ್ದು. ಮುಖ ಒರೆಸಿಕೊಂಡಿದ್ದರೆ ಅದು ನನ್ನ ನೆನಪಿನಿಂದ ಜಾರಿದೆ.

ಅವತ್ತು ಭಾನುವಾರ, ತಗಡಿನ ಅಂಗಡಿಗಳು ಮುಚ್ಚಿದ್ದವು. ಬೆಳಿಗ್ಗೆ ಪೂಜೆ. ‘ಸದ್ಯಕ್ಕೆ ಇದೇ ಇರ್ಲಿ ಅಕ್ಕ, ಆಮೇಲೆ ಬದಲಾಯಿಸಿಕೊಡ್ತೀನಿ,’ ಎಂದು ಅಣ್ಣ ಕೇಳಿಕೊಂಡ.

‘ಬ್ಯಾಡ. ಬೆನ್ನಿಲ್ದನ ಹಾಕ್ರಿ.’

ಅಣ್ಣ ಕೂತು ಒಂದೊಂದೇ ರಿವೆಟ್ ಒಡೆದ. ಮಾರನೆಯ ದಿನ ಬೋರ್ಡು ಹಿಂಬದಿ ತೆರೆದುಕೊಂಡೇ ಖಾನಾವಳಿಯ ಮೇಲಿನ ಬಾಲ್ಕನಿಯ ಕಂಬಿಗೆ ಏರಿತು. ಸಂಜೆ ಲೈಟು ಹಾಕಿದ್ದೇ ತಡ, ಮಹಡಿಯ ಮೇಲಿದ್ದ ಮನೆ ಓನರ್ ಆಂಟಿ ಬಾಲ್ಕನಿಗೆ ಬಂದು, ‘ಏನ್ರೀ ಇದು, ನಮ್ಮ ಬೆಡ್‌ರೂಮನ್ನ ಕಲ್ಯಾಣ ಮಂಟಪ ಮಾಡ್ಬಿಟ್ರಲ್ಲ!’ ಎಂದು ಕೂಗಿದರು. ಕೆಳಗಿನಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ ಮೇಲಕ್ಕೆ ಹೋದವು. ಅಣ್ಣ ಹೊಸ ತಗಡು ತಂದು ಹಾಕುವವರೆಗೆ ಆಂಟಿ ಕಿಟಕಿಗೆ ಕಂಬಳಿ ಕಟ್ಟಿಕೊಂಡಿದ್ದರು. ನಾನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುವಾಗಲೂ ಆ ಖಾನಾವಳಿ ನಡೆಯುತ್ತಿತ್ತು. ಮಧ್ಯಾಹ್ನ ಜಾಗಕ್ಕೆ ಕಾಯಬೇಕಾಗುತ್ತಿತ್ತು.

ಅಣ್ಣ ಹಳೆ ತಗಡು ಬಿಡಲಿಲ್ಲ, ಆದರೆ ಹೇಳಿ ಹಾಕತೊಡಗಿದ. ಬೇಡ ಎಂದವರು ನಾನೆಣಿಸಿದ್ದಕ್ಕಿಂತ ಕಡಿಮೆ. ಇಳಿಸುವ ಕೆಲಸಕ್ಕೆ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ, ಜಯನಗರದ ಒಂದು ಫೋಟೋ ಸ್ಟುಡಿಯೋಗೆ. ಅಣ್ಣ ಏಣಿ ಹತ್ತುವ ಮುಂಚೆ, ಸ್ವಲ್ಪ ನಾಚಿಕೆಯಿಂದಲೇ, ‘ಮುಂದೆ ಏನ್ ಮಾಡ್ಬೇಕು ಅಂತಿದೀರಾ ಸಾರ್?’ ಎಂದು ಕೇಳಿದ.

ವಯಸ್ಸಾದ ಆ ಸ್ಟುಡಿಯೋದವರು ಬೋರ್ಡು ನೋಡಿದರು, ನಮ್ಮನ್ನು ನೋಡಿದರು. ‘ಅದನ್ನ ಹೇಳೋಕೆ ಹೊತ್ತಾಗತ್ತಪ್ಪ,’ ಎಂದರು. ‘ಏಣಿ ಅಲ್ಲೇ ಇರ್ಲಿ. ಮೊದ್ಲು ಟೀ ಕುಡಿಯೋಣ ಬನ್ನಿ.’